ಕಾರ್ಖಾನೆಯ ತಂಡ, ಊರಿನ ತಂಡ

ಯಶವಂತಪುರ ದಾಟಿ, ಗೊರಗುಂಟೆಪಾಳ್ಯದ ಕೂಡುರಸ್ತೆಯನ್ನು ಹಿಂದೆ ಹಾಕಿ ತುಮಕೂರು ರಸ್ತೆಯಲ್ಲಿ ಪೀಣ್ಯದ ಕಡೆಗೆ ಹೊರಟವರಿಗೆ ಲಾರಿ ಕಚೇರಿಗಳ ನಡುವೆ ‘ಪ್ಯಾಕರ್ಸ್ ಅಂಡ್ ಮೂವರ್ಸ್’ ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ಮನೆ ಸಾಮಾನು ಕಟ್ಟಿ ಸಾಗಿಸುವವರು ಎಂಬುದಷ್ಟೇ ಇಲ್ಲಿ ಆ ಮಾತಿನ ಅರ್ಥ. ಆದರೆ ಅಮೆರಿಕದಲ್ಲಿ ‘ಪ್ಯಾಕರ್ಸ್’ ಎಂದರೆ ನೂರು ವರ್ಷ ದಾಟಿದ ಒಂದು ಫುಟ್‌ಬಾಲ್ ತಂಡ. ಆ ತಂಡ ಹುಟ್ಟಿದ್ದೂ ಒಂದು ಕಾರ್ಖಾನೆಯ ಹಣದಿಂದಲೇ. ಅದಕ್ಕೆ ಆ ಹೆಸರು ಬಂದದ್ದೂ ಮಾಂಸ ಸಂಸ್ಕರಿಸಿ ಡಬ್ಬಿಗೆ ತುಂಬುತ್ತಿದ್ದ ಆ ಕಾರ್ಖಾನೆಯಿಂದಲೇ. ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ತಂಡ ಮಾತ್ರ ಉಳಿಯಿತು.

ಬೆಂಗಳೂರಿನಲ್ಲೂ ಕಾರ್ಖಾನೆಗಳು ಫುಟ್‌ಬಾಲ್ ತಂಡಗಳನ್ನು ಸಾಕಿದವು. ಅವುಗಳಲ್ಲಿ ಒಂದು, ಟೆಲಿಫೋನ್ ತಯಾರಿಸುವವರ ತಂಡ, ದೇಶಕ್ಕೇ ಮೊದಲನೆಯದೆನಿಸಿದ ಕಪ್ಪನ್ನು ಮನೆಗೆ ತಂದಿತ್ತು. ಆದರೆ ಇಲ್ಲಿ ಕಥೆ ನಡೆದದ್ದು ಬೇರೆ ಬಗೆಯಲ್ಲಿ. ಕಾರ್ಖಾನೆಯ ನೆರಳು ಕುಗ್ಗಿದಂತೆ ತಂಡವೂ ಕುಗ್ಗಿತು. ಅಲ್ಲಿ ಉಳಿದದ್ದು ಇಲ್ಲಿ ಯಾಕೆ ಉಳಿಯಲಿಲ್ಲ ಎಂದು ಕೇಳಿಕೊಂಡರೆ ಆಟದ ಚರಿತ್ರೆಯ ಜೊತೆಗೆ ದುಡಿಯುವವರ ಚರಿತ್ರೆಯೂ ತೆರೆದುಕೊಳ್ಳುತ್ತದೆ.

ಐನೂರು ಡಾಲರಿನ ಜೆರ್ಸಿ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ಬಲ್ಲ ಫುಟ್‌ಬಾಲ್ ಅಲ್ಲ. ಚೆಂಡು ಅಂಡಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ಆಟಗಾರರು ತಲೆಗೆ ಶಿರಸ್ತ್ರಾಣ, ಭುಜಕ್ಕೆ ಮೆತ್ತೆ ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಎರಗುತ್ತಾರೆ. ಪ್ರತಿ ತಂಡದಲ್ಲಿ 11 ಮಂದಿ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ವಶ. ನಿಯಮಗಳು ಬೇರೆಯಾದರೂ ಎರಡೂ ಆಟಗಳು ಬೆಳೆದ ಬಗೆಯಲ್ಲಿ ಒಂದು ಹೋಲಿಕೆ ಇದೆ. ಎರಡಕ್ಕೂ ಕಾರ್ಖಾನೆಗಳು ಹಾಲೆರೆದಿವೆ.

ವಿಸ್ಕಾನ್ಸಿನ್ ರಾಜ್ಯದಲ್ಲಿ ಮಿಷಿಗನ್ ಸರೋವರದ ಒಂದು ಕೊಲ್ಲಿಯ ದಡದಲ್ಲಿರುವ ಊರು ಗ್ರೀನ್ ಬೇ. 1919ರಲ್ಲಿ ಅಲ್ಲಿನ ಇಂಡಿಯನ್ ಪ್ಯಾಕಿಂಗ್ ಕಂಪನಿಯಲ್ಲಿ ಕರ್ಲಿ ಲ್ಯಾಂಬೊ ಎಂಬ 21 ವರ್ಷದ ಯುವಕ ಸರಕು ಸಾಗಣೆಯ ಗುಮಾಸ್ತನಾಗಿದ್ದ. ಕಾಯಿಲೆಯ ಕಾರಣ ವಿಶ್ವವಿದ್ಯಾಲಯದ ಓದನ್ನು ನಡುವಿನಲ್ಲೇ ಬಿಟ್ಟು ಬಂದವನು. ಸ್ಥಳೀಯ ಪತ್ರಿಕೆಯೊಂದರಲ್ಲಿದ್ದ ಜಾರ್ಜ್ ಕ್ಯಾಲ್ಹೌನ್ ಎಂಬಾತನ ಜೊತೆ ಸೇರಿ ಒಂದು ತಂಡ ಕಟ್ಟಲು ಹೊರಟ. ಆ ವರ್ಷದ ಆಗಸ್ಟ್ 11ರಂದು ಪತ್ರಿಕಾ ಕಚೇರಿಯಲ್ಲೇ ಸಭೆ ನಡೆಯಿತು. ಜೆರ್ಸಿಗೆ ಹಣ ಬೇಕಿತ್ತು. ಲ್ಯಾಂಬೊ ತನ್ನ ಧಣಿಗಳನ್ನು ಕೇಳಿದ. ಅವರು 500 ಡಾಲರ್ ಕೊಟ್ಟರು, ಅಭ್ಯಾಸಕ್ಕೆ ಕಂಪನಿಯ ಮೈದಾನವನ್ನೂ ಬಿಟ್ಟುಕೊಟ್ಟರು. ತಂಡಕ್ಕೆ ‘ಪ್ಯಾಕರ್ಸ್’ ಎಂಬ ಹೆಸರು ಅಂಟಿಕೊಂಡಿತು. ಮೊದಲ ವರ್ಷ 11 ಪಂದ್ಯಗಳಲ್ಲಿ 10 ಗೆದ್ದರು. ಟಿಕೆಟ್ ಇರಲಿಲ್ಲ; ಆಟ ನೋಡಲು ಬಂದವರ ಮುಂದೆ ಟೋಪಿ ಚಾಚಿ ಕಾಸು ಕೂಡಿಸುತ್ತಿದ್ದರು. ನಮ್ಮ ಊರುಗಳಲ್ಲಿ ದೊಂಬರಾಟದವರು ತಟ್ಟೆ ಹಿಡಿದು ಬರುತ್ತಿದ್ದ ಹಾಗೆ.

ಅದೇ ಹೊತ್ತಿಗೆ ಇಲಿನಾಯ್ ರಾಜ್ಯದ ಡಿಕೇಟರ್ ಊರಿನಲ್ಲಿ ಸ್ಟೇಲಿ ಎಂಬ ಪಿಷ್ಟ ತಯಾರಿಕಾ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1920ರಲ್ಲಿ ಜಾರ್ಜ್ ಹಲಾಸ್ ಎಂಬ ಆಟಗಾರನನ್ನು ಕೆಲಸಕ್ಕೆ ಸೇರಿಸಿಕೊಂಡು ತಂಡ ಕಟ್ಟುವ ಹೊಣೆ ಒಪ್ಪಿಸಿತು. ಅವನು ಆರಿಸಿದ ಆಟಗಾರರಿಗೆ ಕಾರ್ಖಾನೆಯಲ್ಲಿ ಕಾಯಂ ಕೆಲಸ. ಪ್ರತಿ ದಿನ ಕೆಲಸದ ವೇಳೆಯಲ್ಲೇ ಎರಡು ಗಂಟೆ ಅಭ್ಯಾಸಕ್ಕೆ ಬಿಡುವು. ಮರುವರ್ಷ ಆರ್ಥಿಕ ಮುಗ್ಗಟ್ಟು ಬಂದಾಗ ಕಂಪನಿಯ ಒಡೆಯ ಹಲಾಸನಿಗೆ 5,000 ಡಾಲರ್ ಕೊಟ್ಟು, ತಂಡವನ್ನು ಷಿಕಾಗೊಗೆ ಕರೆದೊಯ್ಯುವಂತೆ ಹೇಳಿದ. ಇನ್ನೊಂದು ವರ್ಷ ‘ಸ್ಟೇಲಿ’ ಎಂಬ ಹೆಸರನ್ನು ಉಳಿಸಿಕೊಳ್ಳಬೇಕು ಎಂಬುದೊಂದೇ ಷರತ್ತು. ಇಂದು ‘ಷಿಕಾಗೊ ಬೇರ್ಸ್’ ಎಂದು ಜಗತ್ತು ಬಲ್ಲ ತಂಡ ಅದು.

ಇದು ಅಮೆರಿಕಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಇಂಗ್ಲೆಂಡಿನ ಆರ್ಸೆನಲ್ ತಂಡವನ್ನು 1886ರಲ್ಲಿ ಕಟ್ಟಿದವರು ವೂಲಿಚ್‌ನ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು. ಜರ್ಮನಿಯ ಲೆವರ್‌ಕುಸನ್ ತಂಡ ಬಾಯರ್ ಔಷಧ ಕಂಪನಿಯ ನೌಕರರದು. ಹಾಲೆಂಡಿನ ಪಿಎಸ್‌ವಿ ತಂಡ ಫಿಲಿಪ್ಸ್ ಬಲ್ಬಿನ ಕಾರ್ಖಾನೆಯದು. ದಿನವಿಡೀ ಯಂತ್ರದ ಮುಂದೆ ನಿಂತವನಿಗೆ ಸಂಜೆ ಬಯಲು ಬೇಕಾಗುತ್ತದೆ. ಕಾರ್ಖಾನೆಯ ಒಡೆಯನಿಗೆ ತನ್ನ ಹೆಸರು ಊರ ಬಾಯಲ್ಲಿ ಓಡಾಡಬೇಕೆನಿಸುತ್ತದೆ. ಈ ಎರಡು ಬಯಕೆಗಳು ಕೂಡಿದ ಕಡೆಯಲ್ಲೆಲ್ಲ ಇಂಥ ತಂಡಗಳು ಹುಟ್ಟಿವೆ.

ದಂಡಿನಿಂದ ಕಾರ್ಖಾನೆಗೆ

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ಬ್ರಿಟಿಷರ ದಂಡಿನ ಜೊತೆಗೆ. ಸೋಲ್ಜರುಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ದಂಡು ಪ್ರದೇಶದ ಹುಡುಗರು ಬರಿಗಾಲಿನಲ್ಲಿ ಅದನ್ನು ಕಲಿತರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಸೇನೆಯ ತಂಡಗಳ ಸೊತ್ತಾಗಿದ್ದ ಆ ಕಪ್ಪನ್ನು ಭಾರತೀಯರ ತಂಡವೊಂದು ಎತ್ತಿದ್ದು ಅದೇ ಮೊದಲು. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ.

ಸ್ವಾತಂತ್ರ್ಯದ ನಂತರದ ಮೊದಲ ಒಲಿಂಪಿಕ್ಸ್ ನಡೆದದ್ದು 1948ರಲ್ಲಿ, ಲಂಡನ್ನಿನಲ್ಲಿ. ಭಾರತ ಅಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚ ಪಾಂಡವ’ರಲ್ಲಿ ಒಬ್ಬರೆನಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಏರಿದಾಗ ತಂಡದಲ್ಲಿ ಮೈಸೂರು ಸೀಮೆಯ ಕೆಂಪಯ್ಯ ಇದ್ದರು. ಅವರೂ ಹೆಸರು ಮಾಡಿದ್ದು ಕಲ್ಕತ್ತೆಯ ಮೋಹನ್ ಬಾಗನ್ ಸೇರಿ.

ಈ ಹೆಸರುಗಳ ಹಿಂದೆ ಒಂದು ಕಷ್ಟವೂ ಇದೆ. ಬೆಂಗಳೂರು ಆಟಗಾರರನ್ನು ಹೆತ್ತಿತು, ಕಲ್ಕತ್ತೆ ಅವರನ್ನು ಸಾಕಿತು. ಕಾಲಿನಲ್ಲಿ ಜಾಣ್ಮೆ ಇದ್ದ ಹುಡುಗನಿಗೆ ಇಲ್ಲಿ ಚಪ್ಪಾಳೆ ಸಿಗುತ್ತಿತ್ತು, ಅನ್ನ ಸಿಗುತ್ತಿರಲಿಲ್ಲ. ರೈಲು ಹತ್ತಿ ಹೋಗುವುದೊಂದೇ ದಾರಿ. ಆ ದಾರಿಗೆ ಬದಲಾಗಿ ಇನ್ನೊಂದನ್ನು ತೆರೆದವು ಸರ್ಕಾರಿ ಕಾರ್ಖಾನೆಗಳು.

1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, 1948ರಲ್ಲಿ ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, 1954ರಲ್ಲಿ ಅದರ ನೆರೆಯಲ್ಲೇ ಬಿಇಎಲ್. ಹದಿನಾಲ್ಕು ವರ್ಷಗಳ ಅಂತರದಲ್ಲಿ ಬೆಂಗಳೂರಿನ ಹೊರವಲಯ ಕಾರ್ಖಾನೆಗಳ ಸಾಲಾಯಿತು. ಇವು ಕಾರ್ಖಾನೆಗಳಷ್ಟೇ ಆಗಿರಲಿಲ್ಲ, ಊರುಗಳೂ ಆಗಿದ್ದವು. ನೌಕರರ ವಸತಿ, ಶಾಲೆ, ಆಸ್ಪತ್ರೆ, ಕ್ಯಾಂಟೀನ್, ಬಸ್ಸು, ಕನ್ನಡ ಸಂಘ, ಆಟದ ಮೈದಾನ ಎಲ್ಲವೂ ಒಂದೇ ಆವರಣದಲ್ಲಿ. ಕೃಷ್ಣರಾಜಪುರದ ಟೆಲಿಫೋನ್ ಕಾರ್ಖಾನೆಯ ಬಡಾವಣೆಗೆ ‘ದೂರವಾಣಿನಗರ’ ಎಂಬ ಚೆಂದದ ಕನ್ನಡ ಹೆಸರೇ ಬಂತು.

ದೂರವಾಣಿನಗರದ ಕಪ್

ಇಂಥ ಕಾರ್ಖಾನೆಗಳಲ್ಲಿ ‘ಕ್ರೀಡಾ ಕೋಟಾ’ ಎಂಬ ಬಾಗಿಲು ಇತ್ತು. ಚೆನ್ನಾಗಿ ಆಡುವವನಿಗೆ ಕೆಲಸ. ಕೆಲಸಕ್ಕೆ ಹಾಜರಿ, ಅಭ್ಯಾಸಕ್ಕೆ ಬಿಡುವು, ಪಂದ್ಯಾವಳಿಗೆ ರಜೆ, ತಿಂಗಳ ಕೊನೆಗೆ ಸಂಬಳ. ಡಿಕೇಟರ್‌ನ ಪಿಷ್ಟದ ಕಾರ್ಖಾನೆ 1920ರಲ್ಲಿ ಮಾಡಿಕೊಂಡ ಏರ್ಪಾಡೇ ಇದು. ಆದರೆ ಇಲ್ಲಿ ಅದಕ್ಕೆ ಒಂದು ಹೆಚ್ಚುಗಾರಿಕೆ ಇತ್ತು. ಮೂವತ್ತೈದು ದಾಟಿ ಕಾಲು ಸೋತ ಮೇಲೂ ಕೆಲಸ ಹೋಗುತ್ತಿರಲಿಲ್ಲ. ಚೆಂಡು ಬಿಟ್ಟವನು ಮೇಜಿನ ಮುಂದೆ ಕುಳಿತು ನಿವೃತ್ತಿಯ ವಯಸ್ಸಿನವರೆಗೆ ದುಡಿಯಬಹುದಿತ್ತು. ಭವಿಷ್ಯನಿಧಿ, ಗ್ರಾಚ್ಯುಟಿ ಪಡೆದು ಮನೆಗೆ ಮರಳಬಹುದಿತ್ತು. ವೃತ್ತಿಪರ ಆಟಗಾರ ಎಂಬ ಪದ ನಮ್ಮಲ್ಲಿ ಬಳಕೆಗೆ ಬರುವ ಮೊದಲು ಆಟದಿಂದ ಹೊಟ್ಟೆ ಹೊರೆದವರು ಈ ನೌಕರ ಆಟಗಾರರೇ.

ಈ ಏರ್ಪಾಡಿನ ದೊಡ್ಡ ಫಲ ಕಂಡದ್ದು 1977ರಲ್ಲಿ. ದೇಶದ ಕ್ಲಬ್ಬುಗಳಿಗೆಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ವರ್ಷ ಫೆಡರೇಷನ್ ಕಪ್ ಆರಂಭಿಸಿತು. ಮೊದಲ ಪಂದ್ಯಾವಳಿ ನಡೆದದ್ದು ಕೇರಳದ ಎರ್ನಾಕುಲಂನಲ್ಲಿ. ಅಂತಿಮ ಪಂದ್ಯದಲ್ಲಿ ಒಂದು ಕಡೆ ಮೋಹನ್ ಬಾಗನ್, ಇನ್ನೊಂದು ಕಡೆ ಬೆಂಗಳೂರಿನ ಐಟಿಐ.

ಆ ವರ್ಷದ ಮೋಹನ್ ಬಾಗನ್ ಎಂಥ ತಂಡ ಎಂಬುದನ್ನು ತಿಳಿದರೆ ಈ ಪಂದ್ಯದ ತೂಕ ತಿಳಿಯುತ್ತದೆ. 1977ರಲ್ಲಿ ಅದು ಐಎಫ್‌ಎ ಷೀಲ್ಡ್, ಡ್ಯುರಾಂಡ್ ಕಪ್, ರೋವರ್ಸ್ ಕಪ್ ಮೂರನ್ನೂ ಗೆದ್ದುಕೊಂಡಿತು. ಅದೇ ವರ್ಷದ ಸೆಪ್ಟೆಂಬರ್ 24ರಂದು ಅಮೆರಿಕದ ನ್ಯೂಯಾರ್ಕ್ ಕಾಸ್ಮಾಸ್ ತಂಡ ಪೆಲೆಯನ್ನು ಕರೆದುಕೊಂಡು ಕಲ್ಕತ್ತೆಗೆ ಬಂದಾಗ ಈಡನ್ ಗಾರ್ಡನ್ಸ್‌ನಲ್ಲಿ ಅದರೊಡನೆ 2–2ರ ಸಮಬಲ ಸಾಧಿಸಿತು. ಪೆಲೆಯ ತಂಡಕ್ಕೂ ಬಗ್ಗದ ಆ ಮೋಹನ್ ಬಾಗನ್ ಅದೇ ವರ್ಷ ಟೆಲಿಫೋನ್ ಕಾರ್ಖಾನೆಯ ತಂಡಕ್ಕೆ ಬಗ್ಗಿತು. ಐಟಿಐ 1–0ರಿಂದ ಗೆದ್ದಿತು. ಫೆಡರೇಷನ್ ಕಪ್ಪಿನ ದಾಖಲೆ ಪುಸ್ತಕದಲ್ಲಿ ಮೊದಲ ಸಾಲಿನಲ್ಲಿ ಇಂದಿಗೂ ಇರುವುದು ದೂರವಾಣಿನಗರದ ಹೆಸರು.

ಕಾರ್ಖಾನೆ ಮತ್ತು ಇಲಾಖೆಗಳ ತಂಡಗಳು ರಾಜ್ಯದ ಆಟದ ಬೆನ್ನೆಲುಬೂ ಆಗಿದ್ದವು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತು. ಕೊನೆಯ ಎರಡು 1967–68 ಮತ್ತು 1968–69ರಲ್ಲಿ ಬಂದವು. ಅದರ ನಂತರ ಕರ್ನಾಟಕ ಆ ಕಪ್ಪಿಗಾಗಿ ಕಾದದ್ದು ಐವತ್ತನಾಲ್ಕು ವರ್ಷ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಅದು ಮರಳಿ ಬಂತು.

ನೆರಳು ಕುಗ್ಗಿದಾಗ

ಐಟಿಐ ತಂಡದ ಹಿನ್ನಡೆಯನ್ನು ಮೈದಾನದಲ್ಲಿ ಹುಡುಕಿದರೆ ಅರ್ಧ ಕಾರಣ ಮಾತ್ರ ಸಿಗುತ್ತದೆ. ಉಳಿದರ್ಧ ಇರುವುದು ಟೆಲಿಫೋನಿನ ಚರಿತ್ರೆಯಲ್ಲಿ. ಅಂಚೆ–ತಂತಿ ಇಲಾಖೆಗೆ ಬೇಕಾದ ಉಪಕರಣಗಳನ್ನು ದಶಕಗಳ ಕಾಲ ಒದಗಿಸಿದ್ದು ಇದೇ ಕಾರ್ಖಾನೆ. ಮನೆಗೊಂದು ಫೋನು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ಮಾರುಕಟ್ಟೆಯ ಚಿಂತೆ ಅದಕ್ಕಿರಲಿಲ್ಲ. ವಿದ್ಯುನ್ಮಾನ ಎಕ್ಸ್‌ಚೇಂಜುಗಳು ಬಂದವು, 1991ರ ಉದಾರೀಕರಣ ಬಂತು, ಖಾಸಗಿ ಹಾಗೂ ವಿದೇಶಿ ಕಂಪನಿಗಳು ಬಂದವು, ಕೊನೆಗೆ ಮೊಬೈಲು ಬಂತು. ಬೇಡಿಕೆ ಕುಸಿದಂತೆ ಹೊಸ ನೇಮಕಗಳು ನಿಂತವು, ಸ್ವಯಂ ನಿವೃತ್ತಿ ಯೋಜನೆಗಳು ಬಂದವು. ಹೊಸ ನೇಮಕ ಇಲ್ಲವೆಂದರೆ ಕ್ರೀಡಾ ಕೋಟಾವೂ ಇಲ್ಲ. ಕ್ರೀಡಾ ಕೋಟಾ ಇಲ್ಲವೆಂದರೆ ಇಪ್ಪತ್ತರ ಹುಡುಗ ಬರುವುದಿಲ್ಲ. ತಂಡದ ವಯಸ್ಸು ಏರುತ್ತದೆ. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾದ ಮೇಲೆ ಅಲ್ಲಿಯೂ ಐಟಿಐ ಆಡಿತು. ಆದರೆ 1977ರ ಬೆಳಕು ಮತ್ತೆ ಬೀಳಲಿಲ್ಲ.

ಜಾಲಹಳ್ಳಿಯ ಎಚ್‌ಎಂಟಿಯದೂ ಇದಕ್ಕೆ ಹೋಲುವ ಕಥೆ. 1960ರ ದಶಕದ ಆರಂಭದಲ್ಲಿ ಕೈಗಡಿಯಾರ ಮಾಡಲು ತೊಡಗಿ, ಮದುವೆಯ ಉಡುಗೊರೆ ಎಂದರೆ ಎಚ್‌ಎಂಟಿ ವಾಚು ಎನ್ನುವಂತಾಗಿದ್ದ ಸಂಸ್ಥೆ ಅದು. ಅದರ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಗಡಿಯಾರ ಈಗ ಜಾಲಹಳ್ಳಿಯ ವಸ್ತುಸಂಗ್ರಹಾಲಯದಲ್ಲಿದೆ.

ಹಾಗೆಂದು ಕಾರ್ಖಾನೆ ಬಡವಾದದ್ದೊಂದೇ ಕಾರಣ ಎನ್ನುವಂತಿಲ್ಲ. ಎಚ್‌ಎಎಲ್ ಬಡವಾಗಲಿಲ್ಲ. ವಿಮಾನ ಕಟ್ಟುವ ಈ ಸಂಸ್ಥೆಯ ತಂಡ 2010ರಲ್ಲಿ ದೇಶದ ಅಗ್ರ ಲೀಗ್ ಆಗಿದ್ದ ಐ–ಲೀಗ್‌ಗೆ ಏರಿತು. ನೌಕರರನ್ನೇ ನೆಚ್ಚಿದ್ದ ತಂಡ ಲಕ್ಷಾಂತರ ರೂಪಾಯಿ ಸುರಿದು ಪರದೇಶದ ಆಟಗಾರರನ್ನು ಕರೆಸುತ್ತಿದ್ದ ತಂಡಗಳ ಎದುರು ಎರಡು ವರ್ಷ ಸೆಣಸಿತು. 2012ರಲ್ಲಿ ಕೊನೆಯ ಸ್ಥಾನಕ್ಕೆ ಕುಸಿದು ಕೆಳಗಿಳಿಯಿತು. ಮತ್ತೆ ಆ ಹಂತಕ್ಕೆ ಏರಲಿಲ್ಲ.

ಕಾರ್ಖಾನೆಗಿಂತ ಹೆಚ್ಚಾಗಿ ಇಲ್ಲಿ ಬದಲಾದದ್ದು ಆಟದ ವ್ಯವಹಾರ. ಏಷ್ಯಾ ಮಟ್ಟದ ಪರವಾನಗಿ ನಿಯಮಗಳು ಬಂದವು. ಕ್ಲಬ್ ಎಂದರೆ ಪ್ರತ್ಯೇಕ ಸಂಸ್ಥೆಯಾಗಿರಬೇಕು, ಅದಕ್ಕೆ ಕಿರಿಯರ ತಂಡಗಳಿರಬೇಕು, ಲೆಕ್ಕಪತ್ರ ಬೇರೆಯೇ ಇರಬೇಕು. ಒಂದು ಇಲಾಖೆಯ ಕಲ್ಯಾಣ ವಿಭಾಗದ ಅಡಿಯಲ್ಲಿ ನಡೆಯುತ್ತಿದ್ದ ತಂಡಕ್ಕೆ ಇದು ಒಗ್ಗದ ಅಂಗಿ. ಖಾಸಗಿ ಕಾರ್ಖಾನೆಗಳೂ ಕೈಬಿಟ್ಟವು. 2005–06ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿದ್ದ ಮಹೀಂದ್ರ ಯುನೈಟೆಡ್ ತಂಡವನ್ನು ಒಡೆಯರು 2010ರಲ್ಲಿ ವಿಸರ್ಜಿಸಿದರು. ಮೊದಲ ರಾಷ್ಟ್ರೀಯ ಲೀಗಿನ ವಿಜೇತರಾದ ಪಂಜಾಬಿನ ಜೆಸಿಟಿ ಬಟ್ಟೆ ಗಿರಣಿಯ ತಂಡ 2011ರಲ್ಲಿ ಬಾಗಿಲು ಹಾಕಿತು. ಗೆದ್ದ ತಂಡಕ್ಕೂ ಉಳಿವಿನ ಖಾತರಿ ಇರಲಿಲ್ಲ. ಒಂದು ಆಡಳಿತ ಮಂಡಳಿಯ ಒಂದು ನಿರ್ಣಯ ಸಾಕಾಗಿತ್ತು.

ಪೀಣ್ಯದ ಲೆಕ್ಕ

ಪೀಣ್ಯಕ್ಕೆ ಮರಳಿದರೆ ಇನ್ನೊಂದು ಸಂಗತಿ ಗಮನಕ್ಕೆ ಬರುತ್ತದೆ. ಈ ಕೈಗಾರಿಕಾ ಪ್ರದೇಶ ಮೈದಳೆದದ್ದು 1970ರ ದಶಕದಲ್ಲಿ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಐಟಿಐಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಘಟಕಗಳು ಇಲ್ಲಿ ಒಂದರ ಪಕ್ಕ ಒಂದು ಎದ್ದವು. ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಕಲಿತ ಎಷ್ಟೋ ಮಂದಿ ಒಂದು ಲೇತ್, ಒಂದು ಮಿಲ್ಲಿಂಗ್ ಯಂತ್ರ ಕೊಂಡು ಇಲ್ಲಿ ಸ್ವಂತ ಷೆಡ್ಡು ಹಾಕಿದರು. ಇಂದು ಇದು ಏಷ್ಯಾದ ಅತಿ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೆಸರಾಗಿದೆ. ಸಾವಿರಾರು ಘಟಕಗಳು, ಲಕ್ಷಗಟ್ಟಲೆ ದುಡಿಯುವ ಕೈಗಳು.

ಆದರೆ ಪೀಣ್ಯದ ಹೆಸರು ಹೊತ್ತ ಯಾವ ಕಾರ್ಖಾನೆಯ ತಂಡವೂ ಐಟಿಐನಂತೆ ದೇಶದ ಬಾಯಲ್ಲಿ ಓಡಾಡಲಿಲ್ಲ. ಇದಕ್ಕೆ ಕಾರಣ ಇಲ್ಲಿನ ಜನರಲ್ಲಿ ಆಟದ ಆಸೆ ಕಡಿಮೆಯಾದದ್ದಲ್ಲ, ಉದ್ದಿಮೆಯ ಗಾತ್ರ. ಇಪ್ಪತ್ತು ಮಂದಿ ದುಡಿಯುವ ಷೆಡ್ಡಿನಲ್ಲಿ ಹನ್ನೊಂದು ಮಂದಿಯನ್ನು ಆಟಕ್ಕೆ ಕಳಿಸಿದರೆ ಯಂತ್ರ ನಡೆಸುವವರಾರು? ಸಾಮಾನು ಇಟ್ಟುಕೊಳ್ಳಲೇ ಜಾಗ ಸಾಲದ ಕಡೆ ಮೈದಾನ ಎಲ್ಲಿಂದ ಬರಬೇಕು? ಗುತ್ತಿಗೆಯ ಮೇಲೆ ಬಂದ ಉತ್ತರ ಕರ್ನಾಟಕದ ಹುಡುಗ, ಒಡಿಶಾದ ಹುಡುಗ, ಬಿಹಾರದ ಹುಡುಗ ಇಂದು ಈ ಷೆಡ್ಡಿನಲ್ಲಿ, ನಾಳೆ ಇನ್ನೊಂದರಲ್ಲಿ. ಸರ್ಕಾರಿ ಕಾರ್ಖಾನೆಯ ನೌಕರನಿಗೆ ಸಿಕ್ಕ ಕಾಯಂ ಕೆಲಸ, ವಸತಿ, ಪಾಳಿ ಮುಗಿದ ಮೇಲಿನ ಬಿಡುವು ಇವನಿಗಿಲ್ಲ. ಭಾನುವಾರ ಖಾಲಿ ನಿವೇಶನವೊಂದರಲ್ಲಿ ಕಲ್ಲುಗಳನ್ನೇ ಗೋಲುಗಂಬ ಮಾಡಿಕೊಂಡು ಆಡುವುದಷ್ಟೇ ಅವನ ಪಾಲಿನ ಆಟ. ಅವನ ಜೆರ್ಸಿಗೆ 500 ಡಾಲರ್ ಕೊಡುವ ಧಣಿ ಇಲ್ಲ. ಕೊಡುವ ಮನಸ್ಸಿದ್ದರೂ ಆ ಧಣಿಯೇ ಬ್ಯಾಂಕಿನ ಕಂತಿನ ಚಿಂತೆಯಲ್ಲಿರುತ್ತಾನೆ.

ಊರ ವಂತಿಗೆ

ಗ್ರೀನ್ ಬೇ ಊರಿನಲ್ಲಿ ಆಮೇಲೆ ಏನಾಯಿತು? ಇಂಡಿಯನ್ ಪ್ಯಾಕಿಂಗ್ ಕಂಪನಿ ಬಹುಬೇಗ ಆಕ್ಮಿ ಪ್ಯಾಕಿಂಗ್ ಎಂಬ ಬೇರೆ ಕಂಪನಿಯ ಕೈಸೇರಿತು; ಅದೂ ಹೆಚ್ಚು ದಿನ ಬಾಳಲಿಲ್ಲ. 1921ರಲ್ಲಿ ವೃತ್ತಿಪರ ಲೀಗ್ ಸೇರಿದ ತಂಡ ನಿರ್ಗತಿಕವಾಯಿತು. ಮಳೆ ಬಂದು ಜನ ಬಾರದಿದ್ದರೆ ಆ ವಾರದ ಖರ್ಚೇ ಹುಟ್ಟುತ್ತಿರಲಿಲ್ಲ. ಆಗ ಊರಿನ ಕೆಲವು ಪ್ರಮುಖರು ಮುಂದೆ ಬಂದು 1923ರಲ್ಲಿ ತಂಡವನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಾಯಿಸಿದರು. ತಲಾ 5 ಡಾಲರಿನಂತೆ ಷೇರುಗಳನ್ನು ಊರವರಿಗೇ ಮಾರಿದರು.

ಷೇರು ಎಂಬ ಮಾತು ಇಲ್ಲಿ ದಾರಿ ತಪ್ಪಿಸಬಾರದು. ಆ ಷೇರಿಗೆ ಲಾಭಾಂಶವಿಲ್ಲ. ಪೇಟೆಯಲ್ಲಿ ಅದನ್ನು ಮಾರಿ ಹಣ ಮಾಡುವಂತಿಲ್ಲ. ತಂಡವನ್ನೇ ಮಾರಿಬಿಟ್ಟರೂ ಬಂದ ಹಣ ಷೇರುದಾರರಿಗೆ ಸೇರದು. ಯುದ್ಧದಲ್ಲಿ ಮಡಿದವರ ಸ್ಮಾರಕಕ್ಕೆ ಹೋಗಬೇಕೆಂದು ಮೊದಲು ಬರೆದಿಟ್ಟರು; ಈಗ ಅದು ದತ್ತಿ ಸಂಸ್ಥೆಗೆ ಹೋಗಬೇಕೆಂಬ ನಿಯಮವಿದೆ. ನಮ್ಮಲ್ಲಿ ಊರ ಹಬ್ಬಕ್ಕೆ, ತೇರಿಗೆ ಮನೆಮನೆಯಿಂದ ಎತ್ತುವ ವಂತಿಗೆಯ ಜಾತಿಗೆ ಸೇರಿದ ಹಣ ಅದು. ವಂತಿಗೆ ಕೊಟ್ಟವನು ತೇರಿನ ಒಡೆಯನಾಗುವುದಿಲ್ಲ. ಆದರೆ ಹಗ್ಗ ಹಿಡಿದು ಎಳೆಯುವಾಗ ತೇರು ತನ್ನದೆಂಬ ಮಾತನ್ನು ಅವನಿಂದ ಯಾರೂ ಕಿತ್ತುಕೊಳ್ಳಲಾರರು. ಅದನ್ನು ಬೇರೆ ಊರಿಗೆ ಒಯ್ಯಲೂ ಯಾರಿಗೂ ಸಾಧ್ಯವಿಲ್ಲ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮೆಟ್ಟಿಲ ಸಾಲಿನಿಂದ ಬಿದ್ದ ಪ್ರೇಕ್ಷಕನೊಬ್ಬ ದಾವೆ ಹೂಡಿ ಸುಮಾರು 5,000 ಡಾಲರ್ ಪರಿಹಾರ ಗೆದ್ದಾಗ, ವಿಮೆ ಕಂಪನಿಯೂ ದಿವಾಳಿಯೆದ್ದು, ತಂಡ ನ್ಯಾಯಾಲಯದ ಸುಪರ್ದಿಗೆ ಹೋಯಿತು. 1935ರಲ್ಲಿ ಊರು ಮತ್ತೆ ವಂತಿಗೆ ಎತ್ತಿತು. 1950ರಲ್ಲಿ ಮತ್ತೊಮ್ಮೆ. 1997, 2011 ಮತ್ತು 2021–22ರಲ್ಲಿ ಇನ್ನೂ ಮೂರು ಬಾರಿ. ಇಂದು ಐದು ಲಕ್ಷಕ್ಕೂ ಹೆಚ್ಚು ಮಂದಿ ಷೇರುದಾರರಿದ್ದಾರೆ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರಿನ ತಂಡ 13 ಬಾರಿ ಲೀಗ್ ಪಟ್ಟ ಏರಿದೆ. 1967 ಮತ್ತು 1968ರ ಜನವರಿಯಲ್ಲಿ ನಡೆದ ಮೊದಲ ಎರಡು ಸೂಪರ್ ಬೌಲ್‌ಗಳನ್ನೂ ವಿನ್ಸ್ ಲಾಂಬಾರ್ಡಿ ತರಬೇತಿಯಲ್ಲಿ ಗೆದ್ದದ್ದು ಅದೇ. 80,000ಕ್ಕೂ ಹೆಚ್ಚು ಮಂದಿ ಹಿಡಿಸುವ ಕ್ರೀಡಾಂಗಣಕ್ಕೆ ಹಳೆಯ ಗುಮಾಸ್ತ ಲ್ಯಾಂಬೊನ ಹೆಸರಿದೆ.

ಊರವರ ಪ್ರೀತಿಯೊಂದೇ ಈ ಪವಾಡ ಮಾಡಿತು ಎನ್ನುವುದು ಅರ್ಧ ಸತ್ಯವಾದೀತು. 1960ರ ದಶಕದಿಂದ ಲೀಗ್‌ನ ರಾಷ್ಟ್ರೀಯ ದೂರದರ್ಶನ ಪ್ರಸಾರದ ಹಣ ಎಲ್ಲ ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತಿದೆ. ನ್ಯೂಯಾರ್ಕಿನ ತಂಡಕ್ಕೆ ಎಷ್ಟೋ ಗ್ರೀನ್ ಬೇಗೂ ಅಷ್ಟೇ. ಈ ಹಂಚಿಕೆ ಇಲ್ಲದಿದ್ದರೆ ವಂತಿಗೆಯ ಹಣ ಎಷ್ಟು ದಿನ ಬರುತ್ತಿತ್ತು ಎಂಬುದು ಅನುಮಾನ. ಜೊತೆಗೆ, ಇಂಥ ಊರೊಡೆತನಕ್ಕೆ ಆ ಲೀಗ್‌ನ ಇಂದಿನ ನಿಯಮ ಆಸ್ಪದ ಕೊಡುವುದಿಲ್ಲ. ಹಳೆಯದೆಂಬ ಕಾರಣಕ್ಕೆ ಗ್ರೀನ್ ಬೇಗೆ ಮಾತ್ರ ವಿನಾಯಿತಿ. ಉಳಿದ ತಂಡಗಳಿಗೆ ಧಣಿಗಳಿದ್ದಾರೆ. ಧಣಿಗೆ ಬೇಡವೆನಿಸಿದಾಗ ತಂಡ ಊರು ಬಿಟ್ಟು ಹೋದದ್ದೂ ಉಂಟು. ಊರಿನ ಹಿಡಿತ ಮತ್ತು ಗಳಿಕೆಯ ನ್ಯಾಯವಾದ ಹಂಚಿಕೆ, ಎರಡೂ ಕೂಡಿದ್ದರಿಂದ ಗ್ರೀನ್ ಬೇ ಉಳಿಯಿತು.

ಹೆಸರು ಯಾರದು, ಒಡೆತನ ಯಾರದು

ಬೆಂಗಳೂರಿನಲ್ಲಿ ಹೊಸ ಅಧ್ಯಾಯ ಶುರುವಾದದ್ದು 2013ರ ಜುಲೈನಲ್ಲಿ. ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕ್ಲಬ್ಬನ್ನು ಆರಂಭಿಸಿತು. ಇದರ ಹಿಂದೆಯೂ ಕಾರ್ಖಾನೆ ಇದೆ, ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಆದರೆ ತಂಡಕ್ಕೆ ಇಟ್ಟದ್ದು ಕಂಪನಿಯ ಹೆಸರಲ್ಲ, ಊರಿನ ಹೆಸರು. ನಗರದ ಹೆಸರು ಇಂಗ್ಲಿಷಿನಲ್ಲೂ ‘ಬೆಂಗಳೂರು’ ಎಂದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಒಂದು ವರ್ಷ ಮೊದಲೇ ಕ್ಲಬ್ ಅದನ್ನು ಎದೆಯ ಮೇಲೆ ಧರಿಸಿತ್ತು. ಮೊದಲ ವರ್ಷವೇ ಐ–ಲೀಗ್ ಗೆದ್ದಿತು, 2015–16ರಲ್ಲಿ ಮತ್ತೆ. 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಐಟಿಐ 1977ರಲ್ಲಿ ಎತ್ತಿದ ಫೆಡರೇಷನ್ ಕಪ್ಪನ್ನೂ ಎರಡು ಬಾರಿ ತಂದಿತು. ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟ ಹುಡುಗರು ತಮ್ಮದೇ ಹಾಡು ಕಟ್ಟಿ ಕೂಗತೊಡಗಿದರು.

ಕಾರ್ಖಾನೆಯ ತಂಡಗಳು ಪಡೆಯಲಾಗದ ಒಂದನ್ನು ಇದು ಪಡೆಯಿತು. ಐಟಿಐ ಗೆದ್ದರೆ ದೂರವಾಣಿನಗರ ಸಂಭ್ರಮಿಸುತ್ತಿತ್ತು. ಈ ಕ್ಲಬ್ ಗೆದ್ದರೆ ಪೀಣ್ಯದ ಹುಡುಗನೂ ವೈಟ್‌ಫೀಲ್ಡಿನ ಹುಡುಗಿಯೂ ‘ನಾವು ಗೆದ್ದೆವು’ ಎನ್ನುತ್ತಾರೆ.

ಊರಿನ ಹೆಸರಷ್ಟೇ ಇದ್ದರೆ ಸಾಲದು ಎಂಬುದಕ್ಕೂ ಉದಾಹರಣೆ ಇದೆ. 2010ರ ದಶಕದ ಆರಂಭದಲ್ಲಿ ಅಮೆರಿಕದ ಮಾದರಿಯ ಫುಟ್‌ಬಾಲನ್ನು ಇಲ್ಲಿ ಬಿತ್ತಲೆಂದು ಎಲೀಟ್ ಫುಟ್‌ಬಾಲ್ ಲೀಗ್ ಎಂಬುದೊಂದು ಹುಟ್ಟಿತು. ಅದರಲ್ಲಿ ‘ಬೆಂಗಳೂರು ವಾರ್‌ಹಾಕ್ಸ್’ ಎಂಬ ತಂಡವೂ ಇತ್ತು. ಅಂಥ ತಂಡವಿತ್ತೆಂದು ನೆನೆಯುವವರು ಇಂದು ಬೆಂಗಳೂರಿನಲ್ಲಿ ವಿರಳ. ಊರಿನ ಹೆಸರನ್ನು ಎರವಲು ಪಡೆಯುವುದು ಸುಲಭ, ಊರಿನಲ್ಲಿ ಬೇರು ಬಿಡುವುದು ಕಷ್ಟ.

ಬೇರು ಬಿಟ್ಟ ಕ್ಲಬ್ಬಿಗೂ ಆತಂಕ ತಪ್ಪಿಲ್ಲ. 2025ರಲ್ಲಿ ಇಂಡಿಯನ್ ಸೂಪರ್ ಲೀಗಿನ ಒಪ್ಪಂದ ಇತ್ಯರ್ಥವಾಗದೆ ಮುಂದಿನ ಋತು ನಡೆಯುವುದೇ ಅನುಮಾನವಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಕ್ಲಬ್ ಒಂದೇ ಇದಕ್ಕೆ ಹೊಣೆಯಲ್ಲ. ಆದಾಯದ ದಾರಿಯೇ ಮುಚ್ಚಿಹೋದರೆ ಯಾವ ಧಣಿಯೂ ಎಷ್ಟು ದಿನ ಕೈಯಿಂದ ಹಾಕಿಯಾನು? ಆದರೆ ಹಳೆಯ ಏರ್ಪಾಡಿನಲ್ಲಿ ಆಟಗಾರನಿಗಿದ್ದ ಒಂದು ಆಸರೆ ಈಗಿಲ್ಲ ಎಂಬುದು ಅಂದು ಎದ್ದು ಕಂಡಿತು. 1977ರಲ್ಲಿ ಎರ್ನಾಕುಲಂನಿಂದ ಮರಳಿದ ಆಟಗಾರನಿಗೆ ಕಪ್ ಬರಲಿ ಬಾರದಿರಲಿ, ಮರುತಿಂಗಳ ಬಟವಾಡೆ ತಪ್ಪುತ್ತಿರಲಿಲ್ಲ.

ಕಾರ್ಖಾನೆಯ ತಂಡ ಆಟಗಾರನ ಬದುಕಿಗೆ ಭದ್ರತೆ ಕೊಟ್ಟಿತು, ಆದರೆ ತಂಡವನ್ನೇ ಊರಿಗೆ ಒಪ್ಪಿಸಲಿಲ್ಲ. ಹೊಸ ಕ್ಲಬ್ ಊರಿನ ಹೆಸರು ಹೊತ್ತಿತು, ಆಟಗಾರನಿಗೆ ದೊಡ್ಡ ಸಂಬಳ ತೋರಿಸಿತು, ಆದರೆ ಹಳೆಯ ಭದ್ರತೆಯನ್ನು ಕೊಡಲಾರದು. ಗ್ರೀನ್ ಬೇ ನೂರು ವರ್ಷಗಳಲ್ಲಿ ಕಂಡುಕೊಂಡ ದಾರಿ ಇವೆರಡಕ್ಕಿಂತ ಬೇರೆಯದು. ಅದನ್ನು ಹಾಗೆಯೇ ಕಿತ್ತು ತಂದು ಇಲ್ಲಿ ನೆಡಲಾಗದು. ಆದರೂ ಅದರಿಂದ ಕಲಿಯಬಹುದಾದ ಮಾತೊಂದಿದೆ: ತಂಡದ ಹಗ್ಗ ಒಂದೇ ಕೈಯಲ್ಲಿದ್ದರೆ ಆ ಕೈ ಸೋತ ದಿನ ತೇರು ನಿಲ್ಲುತ್ತದೆ.

ಪೀಣ್ಯದ ಷೆಡ್ಡುಗಳಲ್ಲಿ ಒಬ್ಬೊಬ್ಬ ಮಾಲೀಕನೂ ಒಂದು ತಂಡ ಕಟ್ಟಲಾರ. ಆದರೆ ಇಂಥ ಸಾವಿರಾರು ಷೆಡ್ಡುಗಳು ಕೂಡಿದರೆ? ಊರ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಗಣೇಶನಿಗೆ ಅಂಗಡಿ ಅಂಗಡಿ ತಿರುಗಿ ವಂತಿಗೆ ಎತ್ತುವ ಕಲೆಯನ್ನು ಈ ನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರ್ಲಿ ಲ್ಯಾಂಬೊ ತನ್ನ ಧಣಿಯ ಬಾಗಿಲಿಗೆ ಹೋದದ್ದು ಜೆರ್ಸಿಗಾಗಿ. ತಂಡವನ್ನು ಉಳಿಸಿದ್ದು ಮಾತ್ರ ಆ ಬಾಗಿಲು ಮುಚ್ಚಿದ ಮೇಲೆ ಊರವರು ತಲಾ ಐದು ಡಾಲರಿನಂತೆ ಕೂಡಿಸಿದ ಹಣ.